ಕೇಳದೆ ಉಳಿದ ಸಾಕ್ಷಿ

"ಈ ಸಾಕ್ಷಿಯನ್ನು ನಾನು ಕೇಳುವುದಿಲ್ಲ," ಎಂದರು ನ್ಯಾಯಾಧೀಶೆ.

ಅರ್ಮಿಂದು ಆಗಲೇ ಬೆಂಚಿನಿಂದ ಅರ್ಧ ಎದ್ದಿದ್ದರು. ಬಾಸ್ಟನ್ನಿನ ವಲಸೆ ನ್ಯಾಯಾಲಯಕ್ಕೆ ಬರಲೆಂದೇ ಇಸ್ತ್ರಿ ಮಾಡಿಸಿದ ಕಪ್ಪು ಕೋಟು, ಕೈಯಲ್ಲಿ ಟೋಪಿ. ಭಾಷಾಂತರಕಾರ ಬಗ್ಗಿ ಅವರ ಕ್ರಿಯೋಲ್ ಭಾಷೆಯಲ್ಲಿ ಪಿಸುಗುಟ್ಟಿದ ಮೇಲೆ, ನಂಬಿಕೆ ಬಾರದವರಂತೆ ಅಳಿಯ ವಾಲ್ದೀರನ ಕಡೆ ಒಮ್ಮೆ ನೋಡಿ ಮೆಲ್ಲಗೆ ಕುಳಿತರು.

ಸರ್ಕಾರಿ ವಕೀಲ ಸುಮ್ಮನಿರಲಿಲ್ಲ. "ಈತ ಶೀಶೆಯಿಂದ ಹೊಡೆದು ಮಾವನ ದವಡೆ ಮುರಿದಿದ್ದಾನೆ ಮೇಡಂ. ಇದು ಹಿಂಸೆ ಅಲ್ಲದೆ ಇನ್ನೇನು? ಪೆಟ್ಟು ತಿಂದವರು ಇಲ್ಲೇ ಕೂತಿದ್ದಾರೆ. ಅವರನ್ನೇ ಕೇಳಿಬಿಡಿ."

ವಾಲ್ದೀರ್ ಮೇಜಿನ ಅಂಚನ್ನು ಹಿಡಿದುಕೊಂಡ. ಮಗಳ ಬಾಪ್ತಿಸ್ಮದ ಊಟದ ದಿನ, ತುಂಬಿದ ಪಂಕ್ತಿಯೆದುರು, 'ಹೆಂಡತಿಯ ಸಂಬಳದಲ್ಲಿ ಔತಣ ಹಾಕಿಸುವ ಗಂಡಸು' ಎಂದು ಮಾವ ನಕ್ಕಿದ್ದರು. ಕೈಗೆ ಸಿಕ್ಕಿದ್ದು ಸಾರಾಯಿ ಶೀಶೆ. ಆಮೇಲೆ ಜಿಲ್ಲಾ ಕೋರ್ಟಿನಲ್ಲಿ, ಜೈಲು ಶಿಕ್ಷೆ ವಿಧಿಸಿದರೂ ಅಮಾನತಿನಲ್ಲಿಟ್ಟು ಮನೆಗೆ ಕಳಿಸುತ್ತಾರೆ ಎಂದು ಅಲ್ಲಿಯ ವಕೀಲರು ಹೇಳಿದಾಗ, ಅಷ್ಟಕ್ಕೇ ಮುಗಿಯಿತಲ್ಲ ಎಂದು ತಪ್ಪೊಪ್ಪಿಗೆಗೆ ಸಹಿ ಹಾಕಿ ಬಂದಿದ್ದ. ಅನುಭವಿಸದ ಆ ಶಿಕ್ಷೆಯನ್ನೂ ವಲಸೆ ಕಾನೂನು ಪೂರ್ತಿ ಶಿಕ್ಷೆಯೆಂದೇ ಲೆಕ್ಕಕ್ಕೆ ಹಿಡಿಯುತ್ತದೆಂದು ಅವನಿಗೆ ಗೊತ್ತಾದದ್ದು ಪೌರತ್ವಕ್ಕೆ ಅರ್ಜಿ ಹಾಕಿದ ಮೇಲೆ. ಈಗ ಅದು 'ಹಿಂಸೆಯ ಅಪರಾಧ' ಎಂದಾದರೆ ಹೆಂಡತಿ ಝುಲ್ಮಿರಾಳನ್ನೂ ಮಗಳನ್ನೂ ಬಿಟ್ಟು, ಗಡೀಪಾರಾಗಿ, ತಾನು ಹುಟ್ಟಿದ ಫೋಗು ದ್ವೀಪಕ್ಕೆ ಹೋಗಬೇಕು. ಅಲ್ಲಿಂದ ಅವನು ಬಂದದ್ದು ಅಜ್ಜಿಯ ಬೆನ್ನಿನ ಮೇಲೆ. ಅಲ್ಲೀಗ ಅವನ ಮುಖ ಗುರುತಿಸುವವರು ಒಬ್ಬರೂ ಇಲ್ಲ.

"ಕೇಳುವ ಅಧಿಕಾರ ನನಗಿಲ್ಲ," ಎಂದರು ನ್ಯಾಯಾಧೀಶೆ. ದನಿಯಲ್ಲಿ ಕರುಣೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಇವರನ್ನು ತಪ್ಪಿತಸ್ಥರು ಎಂದ ಕಲಮಿನಲ್ಲಿ ಬೇಕೆಂದೇ ಹೊಡೆದವರೂ ಬರುತ್ತಾರೆ, ಅಜಾಗರೂಕತೆಯಿಂದ ಗಾಯ ಮಾಡಿದವರೂ ಬರುತ್ತಾರೆ. ಎರಡನೆಯದನ್ನು ವಲಸೆ ಕಾನೂನು ಹಿಂಸೆಯ ಅಪರಾಧ ಎನ್ನುವುದಿಲ್ಲ. ಇವರು ಯಾವುದನ್ನು ಒಪ್ಪಿಕೊಂಡರು ಎಂದು ಆ ಕೋರ್ಟು ಎಲ್ಲೂ ಬರೆದಿಲ್ಲ. ಅಂದು ಆ ಮನೆಯಲ್ಲಿ ನಿಜಕ್ಕೂ ಏನಾಯಿತು ಎನ್ನುವುದನ್ನು ಇಂದು ನಾನು ಕೆದಕುವಂತಿಲ್ಲ. ಪ್ರಕರಣ ವಜಾ."

ಮೇಲ್ಮನವಿ ಇಲ್ಲವೆಂದು ಗೊಣಗಿ ಸರ್ಕಾರಿ ವಕೀಲ ಮುಂದಿನ ಕಡತ ತೆರೆದ. ವಾಲ್ದೀರನ ವಕೀಲೆ ಬ್ರಿಜಿಡ್ ಅವನ ತೋಳು ಹಿಡಿದು ಹೊರಗೆ ಕರೆತಂದಳು. "ಏನೂ ಮಾತಾಡಬೇಡಿ. ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿ," ಎಂದು ಕಣ್ಣೊರೆಸಿಕೊಂಡು, ಇನ್ನೊಬ್ಬ ಕಕ್ಷಿದಾರನನ್ನು ಹುಡುಕುತ್ತ ಹೊರಟುಹೋದಳು.

ಕಾರಿಡಾರಿನ ಕಿಟಕಿಯ ಬಳಿ ಮಾವ, ಅಳಿಯ ಇಬ್ಬರೇ ಉಳಿದರು. ಕೈತಪ್ಪಿ ಯಾರಿಗೋ ಪೆಟ್ಟು ಮಾಡಿದ ಎಷ್ಟೋ ಅಪರಿಚಿತರು ಆ ಒಂದು ಕಲಮಿನೊಳಗೆ ಇದ್ದರು. ಅವರ ನಡುವೆ ತನಗೂ ನಿಲ್ಲಲು ಜಾಗ ಸಿಕ್ಕಿತಲ್ಲ ಎಂದುಕೊಂಡ ವಾಲ್ದೀರ್. ಯಾರಿಗೆ ಕೈಮುಗಿಯಬೇಕೆಂದು ತಿಳಿಯಲಿಲ್ಲ. ಎದುರಿಗಿದ್ದದ್ದು ಮಾವ.

"ನೀವು ಬಂದಿದ್ದೇ ದೊಡ್ಡದು ಮಾವ."

"ಬಂದು ಏನ್ ಮಾಡ್ದೆ? ಬಾಯಿ ಬಿಡೋಕೂ ಬಿಡ್ಲಿಲ್ಲ ಆಯಮ್ಮ. ಮನೇಲಿ ನಿನ್ನತ್ತೆ ಒಬ್ಳು ಸಾಲ್ದು ಅಂತ."

ವಾಲ್ದೀರ್ ನಗಲು ಹೋಗಿ ನಿಲ್ಲಿಸಿದ. "ಬಿಟ್ಟಿದ್ರೆ ಏನ್ ಹೇಳ್ತಿದ್ರಿ?"

ಅರ್ಮಿಂದು ಕೆಳಗಿನ ಬೀದಿಯನ್ನು ನೋಡಿದರು. "ನೆಲ ಒದ್ದೆ ಇತ್ತು, ನಿನ್ ಕಾಲು ಜಾರ್ತು, ಶೀಶೆ ಬಂದು ತಾಗ್ತು ಅಂತ. ಗಡ್ಡ ಹೆರೀತಾ ಹೆರೀತಾ ಬಾಯಿಪಾಠ ಮಾಡಿದ್ದೆ."

ವಾಲ್ದೀರ್ ಮಾವನ ಮುಖವನ್ನೇ ನೋಡಿದ. ಮೀನು ಸಂಸ್ಕರಣೆಯ ಕಾರ್ಖಾನೆಯಲ್ಲಿ ತೂಕ ಒಂದಿಷ್ಟು ಹೆಚ್ಚು ಬರೆಯೆಂದ ಮೇಸ್ತ್ರಿಯ ಮುಖದ ಮೇಲೆ ಕೈಗವಸು ಎಸೆದು ಕೆಲಸ ಬಿಟ್ಟು ಬಂದ ಮನುಷ್ಯ ಇವರು. ಚರ್ಚಿನ ಭಾನುವಾರದ ಪೂಜೆ ಒಂದನ್ನೂ ತಪ್ಪಿಸಿದವರಲ್ಲ.

"ಪ್ರಮಾಣ ಮಾಡಿ ಸುಳ್ಳು ಹೇಳ್ತಿದ್ರಾ? ನನಗೋಸ್ಕರ?"

"ನಿನಗೋಸ್ಕರ ಯಾರು ಹೇಳ್ತಾರೆ, ಹೋಗೋ. ನನ್ ಮೊಮ್ಮಗಳಿಗೆ." ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಅಂದರು, "ಆವತ್ತು ನಾನೂ ನಾಲಗೆ ಬಿಗಿ ಹಿಡೀಬೇಕಿತ್ತು. ಶನಿವಾರ ಪಾದ್ರಿ ಹತ್ರ ಹೋಗಿದ್ದೆ. ಮಂಗಳವಾರ ಒಂದು ಸುಳ್ಳು ಹೇಳೋದಿದೆ ಫಾದರ್, ಈಗ್ಲೇ ಪಾಪನಿವೇದನೆ ಮಾಡ್ಕೊಂಡ್ಬಿಡ್ತೀನಿ ಅಂದೆ."

"ಏನಂದ್ರು?"

"ಮುಂಗಡ ತಗೊಳಲ್ಲ ಅಂದ್ರು."

ಈ ಸಲ ಇಬ್ಬರೂ ನಕ್ಕರು. ಅತ್ತ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ ನೋಡಿದಳು. ಇಬ್ಬರೂ ತಪ್ಪು ಮಾಡಿದವರಂತೆ ದನಿ ತಗ್ಗಿಸಿದರು.

"ಹೇಳ್ಲಿಲ್ವಲ್ಲ ಮಾವ, ಇನ್ನೇನು? ಬಿಟ್ಬಿಡಿ."

"ಹೇಳೋ ಮನಸ್ಸಿತ್ತಲ್ಲ. ಅದೂ ಲೆಕ್ಕಾನೇ. ಬರೋ ಶನಿವಾರ ಹೋಗ್ಬಂದ್ಬಿಡ್ತೀನಿ."

"ನಾನೂ ಬರ್ತೀನಿ."

"ನೀನ್ಯಾಕೆ? ಗೆದ್ದಿದೀಯ. ಮನೇಲಿರು, ಮಗಳ ಜೊತೆ."

ವಾಲ್ದೀರ್ ಮುಚ್ಚಿದ ಬಾಗಿಲಿನ ಕಡೆ ನೋಡಿದ. ಒಳಗೆ ಇನ್ನಾರದೋ ಹೆಸರು ಕೂಗುತ್ತಿದ್ದರು.

"ಬೇಕಂತ್ಲೇ ಹೊಡ್ದ್ಯಾ ಅಂತ ಇಲ್ಲಿ ನನ್ನ ಯಾರೂ ಕೇಳ್ಲೇ ಇಲ್ಲ ಮಾವ," ಎಂದ.