ಅವಶೇಷದಡಿಯ ಸದ್ದು

ಕುಸಿದ ಕಟ್ಟಡದಡಿ ಸುಗುಣಾಳ ಗಂಡ ಸಿಕ್ಕಿಕೊಂಡಿದ್ದ. ಸುದ್ದಿ ತಿಳಿದೊಡನೆ ಅವಳು, ತಾನೇ ಪ್ರೋಗ್ರಾಂ ಮಾಡಿದ್ದ ಚಿಪ್‌ನ ಬೋರ್ಡನ್ನು ಲ್ಯಾಬಿನಿಂದ ಎತ್ತಿಕೊಂಡು ಓಡಿಬಂದಳು. ನೆಲಕ್ಕೆ ಒತ್ತಿಟ್ಟ ಸೆನ್ಸರ್‌ಗೆ ತಾಕಿದ ಸದ್ದನ್ನು ಅದು ಆ ಕ್ಷಣವೇ ಆವರ್ತನಗಳಾಗಿ ಬಿಡಿಸಿ ಪರದೆಯ ಮೇಲೆ ಗೆರೆಗಳಾಗಿ ತೋರಿಸುತ್ತಿತ್ತು.

ಜನರೇಟರಿನ ಮೊರೆತ, ಜನರ ಗದ್ದಲ ಎಲ್ಲವನ್ನೂ ಸೋಸಿದ ಮೇಲೆ ಒಂದು ಸಣ್ಣ ಗೆರೆ ಉಳಿಯಿತು. ಕೆಳಗೆ ಯಾರೋ ಕಬ್ಬಿಣದ ಪೈಪನ್ನು ಬಡಿಯುತ್ತಿದ್ದರು.

“ಇಲ್ಲೇ ಅಗೀರ್ರೀ, ನಿಮ್ಮ ಕಾಲಿಗೆ ಬೀಳ್ತೇನ್ರಿ!”

ರಕ್ಷಣಾ ಸಿಬ್ಬಂದಿ ಅಗೆದರು. ಅಗೆತದಲ್ಲಿ ಸೆನ್ಸರ್ ಪುಡಿಯಾಯಿತು. ಜೀವಂತವಾಗಿ ಹೊರಬಂದವನು ಅವಳ ಗಂಡನಲ್ಲ, ಯಾರೋ ಗಾರೆ ಕೆಲಸದವನು.

“ಬಡದಾಂವ ಸಿಕ್ಕಾನಲ್ರಿ ಮೇಡಂ,” ಅಧಿಕಾರಿ ತಲೆ ತಗ್ಗಿಸಿದರು. “ಒಳಗ ಇನ್ನ ಯಾರೂ ಉಳಿದಿಲ್ಲ. ಜೆಸಿಬಿ ಬಿಡ್ತೀವ್ರಿ.”

“ಇನ್ನೊಂದ್ ಸ್ವಲ್ಪ ತಡೀರಿ ಸರ್...”

ಅವರು ಆಗಲೇ ಕೈಬೀಸಿ ಸನ್ನೆ ಮಾಡಿಯಾಗಿತ್ತು. ಯಂತ್ರ ಗುಡುಗತೊಡಗಿತು. ಸುಗುಣಾ ಗಾರೆಯವನನ್ನು ಮಲಗಿಸಿದ್ದ ಸ್ಟ್ರೆಚರಿನ ಪಕ್ಕದಲ್ಲಿ ಕುಸಿದು ಕೂತಳು. ಬದುಕಿ ಬಂದವನ ಮೇಲೆ ಸಿಟ್ಟು ಮಾಡಲೂ ಅವಳಿಗೆ ಮನಸ್ಸಾಗಲಿಲ್ಲ.

“ಬಿಡದ ಬಡದು ಜೀವ ಉಳಿಸ್ಕೊಂಡಿ ನೋಡಪ್ಪಾ,” ಎಂದಳು ಅಳುತ್ತ.

ಅವನು ಕಷ್ಟಪಟ್ಟು ಕಣ್ಣು ತೆರೆದ.

“ನಾನೆಲ್ಲಿ ಬಡದೇನ್ರಿ ಅಕ್ಕಾರ? ನನ್ನ ಎರಡೂ ಕೈ ಮುರದಾವ.”