ಹೋಳಿಗೆಯೋ ಲಾಡೋ

ನಾನು ನೆನಪಿನ ಉಗ್ರಾಣಿ. ವಾರಕ್ಕೊಮ್ಮೆ ಊರವರ ತಲೆಯಿಂದ ನೆನಪುಗಳ ನಕಲು ತೆಗೆದು ಅವರವರ ಡಬ್ಬಿಗೆ ತುಂಬುವುದು ನನ್ನ ಕೆಲಸ. ಯಾರಿಗೂ ಏನನ್ನೂ ಬಿಸಾಡುವ ಮನಸ್ಸಿಲ್ಲ, ಬೈಸಿಕೊಳ್ಳುವವಳು ಮಾತ್ರ ನಾನು.

ಮಂಗಳವಾರ ಬಸ್ ಕಂಡಕ್ಟರ್ ತಿಪ್ಪೇಸ್ವಾಮಿ, ಅವರ ಹೆಂಡತಿ ಗಂಗಾಂಬಿಕೆ ಬಂದರು. ಇಬ್ಬರದೂ ಒಂದೇ ಡಬ್ಬಿ, ಅದು ತುಂಬಿ ತುಳುಕುತ್ತಿತ್ತು.

"ಜಾಗ ಇಲ್ಲದಿದ್ರೆ ಎಲ್ಲಕ್ಕಿಂತ ಹಳೇದು ಅಳಿಸಿಹೋಗುತ್ತೆ. ಅಂದ್ರೆ ನಿಮ್ಮ ಮದುವೆ," ಅಂದೆ. "ಇಬ್ಬರ ನೆನಪೂ ಒಂದೇ ಥರ ಇದ್ರೆ ಒಂದು ಪ್ರತಿ ಅಳಿಸಿ ಜಾಗ ಮಾಡಬಹುದು."

"ಒಂದೇ ಥರ ಇರದೆ ಏನಮ್ಮ?" ಅಂದರು ತಿಪ್ಪೇಸ್ವಾಮಿ. "ಮದುವೇಲಿ ಹೋಳಿಗೆ ಮಾಡಿಸಿದ್ವಿ."

"ಲಾಡು," ಅಂದರು ಗಂಗಾಂಬಿಕೆ. "ಅದೂ ಸಾಲಲಿಲ್ಲ."

ಯಂತ್ರ ಮೂವತ್ತೊಂದು ವರ್ಷ ಜಾಲಾಡಿತು. ಮಗಳು ಹುಟ್ಟಿದ ದಿನ ಗಂಡನ ನೆನಪಲ್ಲಿ ಮಳೆ, ಹೆಂಡತಿಯ ನೆನಪಲ್ಲಿ ಸುಡು ಬಿಸಿಲು. ಒಂದೂ ತಾಳೆಯಾಗಲಿಲ್ಲ. ನನಗೆ ತಲೆ ಚಿಟ್ಟು ಹಿಡಿಯಿತು.

ಕೊನೆಗೆ ಒಂದು ಸಿಕ್ಕಿತು. ಬೆಳಿಗ್ಗೆ ಡ್ಯೂಟಿಗೆ ಹೊರಟ ತಿಪ್ಪೇಸ್ವಾಮಿ ಬಾಗಿಲಲ್ಲಿ ನಿಂತು "ಬರ್ತೀನಿ" ಅಂತಾರೆ. ಒಳಗಿಂದ ಗಂಗಾಂಬಿಕೆ "ಹ್ಞೂಂ, ಹುಷಾರು" ಅಂತಾರೆ. ಇಬ್ಬರ ನೆನಪಲ್ಲೂ ಅಕ್ಷರ ಬಿಡದೆ ಅದೇ, ಒಂಬತ್ತು ಸಾವಿರ ಸಲ.

"ಸದ್ಯ!" ಅಂದೆ. "ಇದರಲ್ಲಿ ಒಂದನ್ನಿಟ್ಟು ಮಿಕ್ಕಿದ್ದೆಲ್ಲ ಅಳಿಸ್ತೀನಿ. ಮದುವೆ ಉಳೀತು."

ಇಬ್ಬರೂ ಒಟ್ಟಿಗೇ ನನ್ನ ಕೈ ತಡೆದರು.

"ಮದುವೇನೇ ಅಳಿಸಿಬಿಡಮ್ಮ," ಅಂದರು ಗಂಗಾಂಬಿಕೆ. "ಅದು ಆಗಿದ್ದು ಒಂದೇ ಸಲ."