ಜ್ವರದ ಕೆಂಪು

ಗುಳೇದಗುಡ್ಡದಲ್ಲಿ ಈಗ ನೂಲಿಗೆ ಬಣ್ಣ ಕೊಡುವುದು ಸೆರಾಶಿಯಾ ಎಂಬ ಬ್ಯಾಕ್ಟೀರಿಯಾ. ಜ್ವರ ಬಂದವರ ಮೈಯಿಂದ ಅದನ್ನು ತೆಗೆದು ಗಡಿಗೆಯಲ್ಲಿ ಬೆಳೆಸುತ್ತಾರೆ. ಜ್ವರ ಏರಿದಷ್ಟೂ ಕೆಂಪು ಗಾಢ. ನೇಕಾರ ಕಾಶವ್ವನ ಪಕ್ಕದ ಮನೆಯ ಬನಶಂಕರಿಯ ಗಂಡ ಜ್ವರದಿಂದ ಸತ್ತು ಬದುಕಿದ ಮೇಲೆ ಅವಳು ನೇಯ್ದ ಸೆರಗುಗಳಿಗೆ ಊರೇ ಮುಗಿಬಿದ್ದಿತ್ತು. ಕಾಶವ್ವನ ಮನೆಯಲ್ಲೋ ಎಲ್ಲರೂ ಗಟ್ಟಿಮುಟ್ಟು; ಗಡಿಗೆಯಲ್ಲಿ ಬರೀ ತಿಳಿ ಗುಲಾಬಿ.

"ನಿನ್ನ ನಸೀಬ ಛಲೋ ಐತವ್ವಾ, ಯಾರಿಗೂ ಏನೂ ಆಗಿಲ್ಲ," ಎಂದು ಬನಶಂಕರಿ ಅಂದಾಗ ಕಾಶವ್ವನ ಹೊಟ್ಟೆ ಉರಿದಿತ್ತು.

ಇವತ್ತು ಮಗಳು ಶಾಲೆಯಿಂದ ನಡುಗುತ್ತ ಬಂದಳು. ಗಂಡ ಹಣೆ ಮುಟ್ಟಿ ನೋಡಿ ಗಾಬರಿಯಾದ. "ಮೈ ಕೆಂಡ ಆಗೇತಿ! ಡಾಕ್ಟರನ್ನ ಕರಿಯೂಣು."

"ಸ್ವಲ್ಪ ತಡೀರಿ," ಎಂದಳು ಕಾಶವ್ವ. "ಔಷಧ ಬಿದ್ರ ಬಣ್ಣ ಸಾಯ್ತೈತಿ. ಮೊದಲು ಗಡಿಗಿ ತೊಳ್ಕೊಂಡು ಬರ್ತೀನಿ."